‘ಈಸ್’ ಅಂದರೆ ‘ಇದೆ’ ಅಷ್ಟೇನಾ?

ಪ್ರಶ್ನೆ: ಅಕ್ಕೋರೆ, ನನ್ನ ಮಗಳು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ. ಇಂಗ್ಲಿಷಿನಲ್ಲಿ ‘ಮೈ ಫಾದರ್ ಫಾರ್ಮರ್’ ಅಂತ ‘ಈಸ್’ ಬಿಟ್ಟು ಬರೆಯುತ್ತಾಳೆ. ತಿದ್ದಿದರೆ ಮರುದಿನ ‘ಹೀ ಈಸ್ ಗೋ’ ಅಂತ ಬೇಡದ ಕಡೆ ಹಾಕುತ್ತಾಳೆ. ಈ ‘ಬೀ’ ಕ್ರಿಯಾಪದಕ್ಕೆ ಕನ್ನಡದಲ್ಲಿ ಅರ್ಥ ಏನು? ಹೇಗೆ ಹೇಳಿಕೊಡಲಿ?
– ಒಬ್ಬ ತಾಯಿ, ಮುಧೋಳ

ಉತ್ತರ: ತಂಗಿ, ನಿಮ್ಮ ಮಗಳ ತಪ್ಪಿನ ಹಿಂದೆ ಒಳ್ಳೆಯ ಕನ್ನಡ ಇದೆ. ‘ನಮ್ಮಪ್ಪ ರೈತ.’ ಮಾತು ಮುಗಿಯಿತು. ಅದರಲ್ಲಿ ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷಿಗೆ ಮಾತ್ರ ‘ಅಪ್ಪ’ ಮತ್ತು ‘ರೈತ’ ಎರಡನ್ನೂ ಜೋಡಿಸಲು ನಡುವೆ ಒಂದು ಕೊಂಡಿ ಬೇಕು. ಆ ಕೊಂಡಿಯೇ ‘ಈಸ್’. ಅಲ್ಲಿ ಅದಕ್ಕೆ ಬೇರೆ ಅರ್ಥ ಹುಡುಕಬೇಡಿ.

ನಾನು ಜಮಖಂಡಿ ಕಡೆಯ ಹಳ್ಳಿಗಳಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದೆ. ಆಮೇಲೆ ಬೆಳಗಾವಿಗೆ ವರ್ಗವಾಯಿತು. ಅಲ್ಲಿ ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳೂ ತರಗತಿಯಲ್ಲಿದ್ದರು. ಅವರು ಈ ‘ಈಸ್’ ಬಿಡುತ್ತಿದ್ದುದು ಕಡಿಮೆ. ಅವರ ಮಾತಿಗೆ ಕಿವಿ ಕೊಟ್ಟಾಗ ಕಾರಣ ಗೊತ್ತಾಯಿತು. ಮರಾಠಿಯಲ್ಲಿ ‘ಹೇ ಪುಸ್ತಕ್ ಆಹೆ’ ಅನ್ನುತ್ತಾರೆ, ಕೊನೆಗೊಂದು ‘ಆಹೆ’ ಬರುತ್ತದೆ. ನಮಗೆ ‘ಇದು ಪುಸ್ತಕ’ ಅಂದರೆ ಸಾಕು. ಅಲ್ಲಿಯವರೆಗೆ ಕನ್ನಡ ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದದ್ದೇ ಎಳೆದದ್ದು. ಯಾಕೆ ಹೀಗೆ ಬರೆಯುತ್ತಾರೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

‘ಅಪ್ಪ ಹೊಲದಾಗ ಅದಾನ.’ ಇಲ್ಲಿ ಮಾತ್ರ ‘ಈಸ್’ ಅಂದರೆ ನಿಜವಾಗಿಯೂ ‘ಇರು’. ಈ ಎರಡು ಕೆಲಸದ ವ್ಯತ್ಯಾಸ ತಿಳಿಯಲು ವಾಕ್ಯವನ್ನು ತಿರುಗಿಸಿ ಹೇಳಿಸಿ. ‘ಅಪ್ಪ ರೈತ ಅಲ್ಲ.’ ‘ಅಪ್ಪ ಹೊಲದಾಗ ಇಲ್ಲ.’ ನಮ್ಮಲ್ಲಿ ಒಂದು ಕಡೆ ‘ಅಲ್ಲ’, ಇನ್ನೊಂದು ಕಡೆ ‘ಇಲ್ಲ’. ಯಾವ ಮಗುವೂ ಇದನ್ನು ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಈಸ್ ನಾಟ್’ ಒಂದೇ.

ಹಾಗಂತ ‘ಈಸ್ ಅಂದರೆ ಇದೆ’ ಅಂತ ಸುಮ್ನೆ ಬಾಯಿಪಾಠ ಮಾಡಿಸಬೇಡಿ. ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಅನ್ನುವುದನ್ನು ‘ಮೀ ಟೂ ಬ್ರದರ್ಸ್ ಆರ್’ ಅಂತ ಬರೆದ ಹುಡುಗ ಇನ್ನೂ ನೆನಪಿದ್ದಾನೆ. ಅಲ್ಲಿ ‘ಹ್ಯಾವ್’ ಬೇಕು.

‘ಆ್ಯಮ್, ಈಸ್, ಆರ್’ ಕಲಿಸಲು ಮನೆಮಾತನ್ನೇ ಹಿಡಿಯಿರಿ. ನಾ ಅದೀನಿ, ನೀ ಅದಿ, ಅವ ಅದಾನ. ಆಳು ಬದಲಾದರೆ ನಾವೂ ಬದಲಾಯಿಸುತ್ತೇವೆ ಅಲ್ವಾ? ‘ಅವ ಡಾಕ್ಟರ್ ಅದಾನ’ ಅಂತಲೂ ನಮ್ಮ ಕಡೆ ಅನ್ನುವುದುಂಟು. ಅದು ‘ಈಸ್’ಗೆ ತೀರಾ ಹತ್ತಿರ. ನನ್ನ ತರಗತಿಯಲ್ಲಿ ಜಾಸ್ತಿ ಫಲ ಕೊಟ್ಟದ್ದು ಇದೇ.

ಇನ್ನು ‘ಹೀ ಈಸ್ ಗೋ’. ‘ಹೋಗುತ್ತಿದ್ದಾನೆ’ ಅನ್ನುವುದನ್ನು ಬಿಡಿಸಿ ಬರೆಸಿ: ‘ಹೋಗುತ್ತ ಇದ್ದಾನೆ’. ‘ಹೋಗುತ್ತ’ ಅಂದರೆ ‘ಗೋಯಿಂಗ್’, ‘ಇದ್ದಾನೆ’ ಅಂದರೆ ‘ಈಸ್’. ‘ದಿನಾ ಹೋಗುತ್ತಾನೆ’ ಅಂದಾಗ ಒಳಗೆ ‘ಇದ್ದಾನೆ’ ಇಲ್ಲ. ಹಾಗಾಗಿ ‘ಈಸ್’ ಕೂಡ ಇಲ್ಲ, ಬರೀ ‘ಹೀ ಗೋಸ್’.

‘ಬೀ’ಯ ಇನ್ನೊಂದು ರೂಪ ‘ಬೀನ್’. ಅದರ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು. ‘ಹೀ ಹ್ಯಾಸ್ ಗಾನ್ ಟು ಬಾದಾಮಿ’ ಅಂದರೆ ಹೋದವನು ಇನ್ನೂ ತಿರುಗಿ ಬಂದಿಲ್ಲ. ‘ಹೀ ಹ್ಯಾಸ್ ಬೀನ್ ಟು ಬಾದಾಮಿ’ ಅಂದರೆ ಹೋಗಿ ಬಂದಿದ್ದಾನೆ.

ಒಂದೇ ಕ್ರಿಯಾಪದಕ್ಕೆ ಬೀ, ಆ್ಯಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್ ಅಂತ 8 ರೂಪ ಯಾಕೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಹಳೆಯ ಕಾಲದ ಬೇರೆ ಬೇರೆ ಕ್ರಿಯಾಪದಗಳು ಸೇರಿ ಇದು ಒಂದಾಗಿದೆ. ‘ಈಸ್’ ಸಂಸ್ಕೃತದ ‘ಅಸ್ತಿ’ಗೆ ನೆಂಟ, ‘ಬೀ’ ‘ಭವತಿ’ಗೆ. ‘ವಾಸ್’ ಅಂತೂ ‘ವಾಸ ಮಾಡು’ ಅನ್ನುವುದರ ನೆಂಟ. ಹಾಸ್ಟೆಲ್ ಬೋರ್ಡಿನ ಮೇಲೆ ‘ವಸತಿ ನಿಲಯ’ ಅಂತ ಇರುತ್ತದಲ್ಲ, ಆ ‘ವಸತಿ’ಯೂ ಅದೇ ಬೇರಿನದು. ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸಿ ಕೇಳುತ್ತಾರೆ.

ಈ ವಾರ ದಿನಕ್ಕೆ ಐದು ವಾಕ್ಯ ಸಾಕು, ಎಲ್ಲವೂ ಮನೆಯವರ ಬಗ್ಗೆಯೇ ಇರಲಿ. ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಬರೆಸಿ. ಅವಳು ಬರೆದದ್ದನ್ನು ನನಗೂ ಕಳಿಸಿ, ನೋಡುತ್ತೇನೆ.