ಬ್ಯಾಸಗಿ ರಜೆಯಾಗ ಊರು ಬಿಟ್ಟು ಹೋಗದ: ಮುಂಜಾನೆ ತಿರುಗಾಟ, ಮಧ್ಯಾಹ್ನ ಕಾದಂಬರಿ

ನೀವು ಕೇಳಿರೋದು, ಈ ಸಲ ದೊಡ್ಡ ಟ್ರಿಪ್ ಏನೂ ಇಲ್ಲ, ರಜೆ ಪೂರ್ತಿ ಹುಬ್ಬಳ್ಳಿ ಒಳಗ ಇದ್ದು ಕಥಿ-ಕಾದಂಬರಿ ಓದ್ಕೊಂತ, ನಡುನಡುವ ಹತ್ರದ ಊರು ನೋಡ್ಕೊಂತ ಕಳೀಬೇಕಂತ ಮಾಡೀನಿ, ಬೋರ್ ಆಗ್ತೈತೇನು, ಎಲ್ಲೆಲ್ಲಿ ಹೋಗಬಹುದು ಅಂತ.

ಬೋರ್ ಆಗೂದಿಲ್ಲರಿ. ನಾ ಒಂದು ಬ್ಯಾಸಗಿ ಪೂರ್ತಿ ಹಂಗ ಕಳದೀನಿ. ಆದ್ರ ಒಂದು ಕಂಡೀಷನ್ ಐತಿ, ದಿನಕ್ಕ ಒಂದ ಊರು, ಮತ್ತ ಊಟದ ಹೊತ್ತಿಗೆ ಮನಿಗೆ ವಾಪಸ್. ಮ್ಯಾಪ್ ತಗದು ಹಳೇ ಗುಡಿ ಇರೋ ಲಕ್ಕುಂಡಿ, ಡಂಬಳ, ಕುಕನೂರು, ಇಟಗಿ ಎಲ್ಲಾ ಒಂದ ದಿನದಾಗ ಹೊಡದ ಬರ್ತೀನಿ ಅಂತ ಹೊಂಟ್ರ ಸಂಜೀಕ ತಲಿನೋವು, ಮೊಬೈಲ್ ತುಂಬ ಒಂದ ನಮೂನಿ ಕಂಬದ ಫೋಟೋ, ಅಷ್ಟ. ನಮ್ಮ ಕಡೆ ಏಪ್ರಿಲ್-ಮೇ ಬಿಸಲು ಹೆಂಗಿರ್ತೈತಿ ಗೊತ್ತಲ್ಲ, ಹನ್ನೊಂದರ ಮ್ಯಾಲ ಹೊರಗ ನಿಂತು ಶಿಲ್ಪಕಲೆ ಸವಿಯೋದು ಯಾರ ಕೈಲೂ ಆಗೂದಿಲ್ಲ. ಹಂಗಾಗಿ ಟೈಮ್‌ಟೇಬಲ್ ಬಿಸಲ ಹಾಕಿಕೊಡ್ತೈತಿ, ಮುಂಜಾನೆ ಆರರ ಸುಮಾರಿಗೆ ಹೊರಗ, ಮಧ್ಯಾಹ್ನ ಉಂಡು ಪಡಸಾಲಿಯೊಳಗ ಚಾಪಿ ಹಾಸ್ಕೊಂಡು ಸಂಜಿತನಕ ಓದೋದು, ಕರೆಂಟ್ ಹೋದ್ರ ಬಾಗಲ ಕಡೆ ಸರಕೊಂಡು ಓದೋದು.

ಮೊದಲ ತಿರುಗಾಟ ಗದಗಿಗೇ ಇಟ್ಕೋರಿ, ಅದೂ ರೈಲಿಗೆ. ಬಸ್ಸಿನಾಗ ಓದಾಕ ಆಗೂದಿಲ್ಲ, ನನಗಂತೂ ಹೊಟ್ಟಿ ತೊಳಸತೈತಿ, ರೈಲಿನಾಗ ಹಂಗಲ್ಲ, ಕಿಟಕಿ ಸೀಟ್ ಸಿಕ್ಕರ ಸಾಕು. ಸ್ಟೇಷನ್ನಿಗೆ ಮಾತ್ರ ಸ್ವಲ್ಪ ಮೊದಲ ಹೋಗ್ರಿ, ಜಗತ್ತಿನಾಗ ಭಾಳ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿದು, 1,507 ಮೀಟರ್, 2023ರಾಗ ಉದ್ಘಾಟನೆ ಆಗಿದ್ದು, ಗಾಡಿ ಆ ತುದಿಗೆ ನಿಂತಿದ್ರ ವಾಕಿಂಗ್ ಅಲ್ಲೇ ಮುಗೀತೈತಿ. ಗದಗಿಗೆ ತಾಸೊಂದು ದಾರಿ. ಸುಗ್ಗಿ ಮುಗದು ಖಾಲಿ ಬಿದ್ದ ಎರಿ ಹೊಲ, ಬಿರುಕು ಬಿಟ್ಟ ಕರೀ ಮಣ್ಣು, ನಡುವ ಅಣ್ಣಿಗೇರಿ, ಹುಲಕೋಟಿ. ಈ ಪ್ರಯಾಣಕ್ಕ ಸಣ್ಣ ಕಥಿ ಪುಸ್ತಕನ ಛಲೋ, ಒಂದು ಕಥಿ ಓದೂದ್ರಾಗ ಊರು ಬರ್ತೈತಿ. ಐದುನೂರು ಪುಟದ ಕಾದಂಬರಿ ಮನಿಯಾಗ ಇರ್ಲಿ, ಅದನ್ನ ಹೊತ್ಕೊಂಡು ಗುಡಿ ಗುಡಿ ತಿರುಗಿದ್ರ ಹೆಗಲು ನೋಯ್ತೈತಿ, ಒಂದು ಪುಟಾನೂ ಸರಿಯೂದಿಲ್ಲ.

ಗದಗಿನಾಗ ಇಳದು ವೀರನಾರಾಯಣ ಗುಡಿ ನೋಡ್ರಿ, ಕುಮಾರವ್ಯಾಸ ಭಾರತ ಬರದದ್ದು ಇಲ್ಲೇ ಅಂತ ಹೇಳ್ತಾರ, ಅಂವ ಕುಂತು ಬರೀತಿದ್ದ ಅಂತ ಒಂದು ಕಂಬಾನೂ ತೋರಸ್ತಾರ. ಅಂವನ ಊರು ಕೋಳಿವಾಡ, ನಮ್ಮ ಹುಬ್ಬಳ್ಳಿ ಕಡೀದ. ತ್ರಿಕೂಟೇಶ್ವರ ಗುಡಿಗೂ ಹೋಗಬಹುದು, ಅದರ ಆವರಣದಾಗಿರೋ ಸರಸ್ವತಿ ಗುಡಿ ಕಂಬಗೋಳು ಭಾಳ ಚಂದ. ಆದ್ರ ಲಕ್ಕುಂಡಿ ನೋಡೂದಿದ್ರ ಗದಗ ಇನ್ನೊಂದು ದಿನಕ್ಕ ಬಿಡ್ರಿ, ಇಳದ ಕೂಡಲೆ ಕೊಪ್ಪಳ ಕಡೆ ಹೋಗೋ ಬಸ್ ಹತ್ರಿ, ಹನ್ನೆರಡು ಕಿಲೋಮೀಟರ್ ಅಷ್ಟ.

ಲಕ್ಕುಂಡಿ ಬಗ್ಗೆ ಸ್ವಲ್ಪ ಹೆಚ್ಚ ಹೇಳ್ತೀನಿ, ಯಾಕಂದ್ರ ನನಗ ಹಿಡಿಸಿದ್ದು ಅದ. ಕಾಶಿವಿಶ್ವೇಶ್ವರ ಗುಡಿಯಾಗ ಶಿವನ ಗುಡಿ ಒಂದ ಕಡೆ, ಎದುರಿಗೆ ಸಣ್ಣ ಸೂರ್ಯನ ಗುಡಿ, ಎರಡೂ ಒಂದ ಕಟ್ಟಿ ಮ್ಯಾಲ ಮಾರಿ-ಮಾರಿ ನೋಡ್ಕೊಂತ ನಿಂತಾವ. ಮುಂಜಾನೆ ಎಳೆ ಬಿಸಲು ಓರೆಯಾಗಿ ಬಿದ್ದಾಗ ಬಾಗಲ ಚೌಕಟ್ಟಿನ ಹತ್ರ ಹೋಗಿ ನಿಂದರ್ರಿ. ಚೌಕಟ್ಟಿನ ಸುತ್ತ ಪಟ್ಟಿ ಮ್ಯಾಲ ಪಟ್ಟಿ, ಒಂದರಾಗ ಬಳ್ಳಿ, ಇನ್ನೊಂದರಾಗ ಸಣ್ಣ ಸಣ್ಣ ಮಂದಿ, ಬೆರಳ ತುದಿಯಷ್ಟು ಮಾರಿ, ಆ ಮಾರಿಯಾಗೂ ಮೂಗು-ಕಣ್ಣು ಬ್ಯಾರೆ ಬ್ಯಾರೆ. ಇದೆಲ್ಲಾ ಬಳಪದ ಕಲ್ಲಿನ ಮಹಿಮಾ, ಬಾದಾಮಿ-ಐಹೊಳೆಯ ಉಸುಕುಗಲ್ಲಿನಾಗ ಇಷ್ಟು ಸಣ್ಣ ಕೆಲಸ ಮಾಡಾಕ ಬರೂದಿಲ್ಲ, ಈ ಕಲ್ಲು ಮೆತ್ತಗ, ಉಳಿ ಹೇಳಿದಂಗ ಕೇಳ್ತೈತಿ. ಆಮ್ಯಾಲ ಅತ್ತಿಮಬ್ಬಿ ಕಟ್ಟಿಸಿದ ಬ್ರಹ್ಮ ಜಿನಾಲಯ, 1007ರದು. ಆಕಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಓಲೆಗರಿ ಮ್ಯಾಲ ಬರಸಿ ಹಂಚಿದ್ಲು, ಪ್ರಿಂಟಿಂಗ್ ಪ್ರೆಸ್ ಅನ್ನೋದು ಕನಸಿನಾಗೂ ಇಲ್ಲದ ಕಾಲದಾಗ! ಈಗ ಸಾವಿರ ಪ್ರತಿ ಖರ್ಚಾಗೋದ ಕಷ್ಟ ಅಂತ ಲೇಖಕರು ಅಳ್ತಾರ, ಇರ್ಲಿ ಬಿಡ್ರಿ ಆ ಮಾತು. ಕಡೀಕ ಮಾಣಿಕೇಶ್ವರ ಗುಡಿ ಹತ್ರ ಮುಸುಕಿನ ಬಾವಿ, ಮೆಟ್ಟಲಾ ಇಳಕೊಂತ ಹೋದಂಗ ಗಾಳಿ ತಂಪಾಗ್ತೈತಿ, ಅಲ್ಲಿ ಹತ್ತು ನಿಮಿಷ ಸುಮ್ಮ ಕುಂಡ್ರಿ, ಆಮ್ಯಾಲ ಎದ್ದು ಬಸ್ ಹಿಡೀರಿ.

ಕಾದಂಬರಿಗೂ ತಿರುಗಾಟಕ್ಕೂ ಏನ್ ಸಂಬಂಧ ಅಂದ್ರ, ಮೊದಲ ನನಗೂ ಏನೂ ಇದ್ದಂಗ ಅನಿಸಿರಲಿಲ್ಲ. ಹಳೇ ಸಾಮಾಜಿಕ ಕಾದಂಬರಿಗಳೊಳಗ ಮಾಳಿಗಿ ಮನಿ, ಬೆಳಕಿಂಡಿ, ಪಡಸಾಲಿ, ಅಡ್ಡಗೋಡಿ ಅಂತ ಬರ್ತಾವಲ್ಲ, ಓದ್ಕೊಂಡ ಹೋಗಿಬಿಡ್ತಿದ್ದೆ. ಅಣ್ಣಿಗೇರಿಯಾಗ ಅಮೃತೇಶ್ವರ ಗುಡಿ ನೋಡಿ ಹಿಂದಿನ ಓಣಿಯಾಗ ಸುಮ್ಮ ನಡಕೊಂತ ಹೊಂಟಾಗ ಒಬ್ಬ ಅಜ್ಜಿ ನೀರು ಕುಡದು ಹೋಗಪಾ ಅಂತ ಒಳಗ ಕರದ್ಲು. ಹೊರಗ ಕಣ್ಣು ಕುಕ್ಕೂ ಬಿಸಲು, ಒಳಗ ಕಾಲಿಟ್ರ ಕತ್ತಲಿ, ಮ್ಯಾಲ ಮಣ್ಣಿನ ಮಾಳಿಗಿಯಾಗ ಒಂದು ಬೆಳಕಿಂಡಿ, ಅದರಿಂದ ಬಿಸಲು ಕೋಲಿನಂಗ ನೆಟ್ಟಗ ಬೀಸುಕಲ್ಲಿನ ಮ್ಯಾಲ ಬಿದ್ದಿತ್ತು, ಮಳಿ ಬಂದ್ರ ಮುಚ್ಚಾಕ ಅದರ ಬಾಜೂಕ ಒಂದು ತಗಡು. ಆ ದಿನ ಮಧ್ಯಾಹ್ನ ಮನಿಗೆ ಬಂದು ಓದ್ತಿದ್ದ ಕಾದಂಬರಿ ತಗದ್ರ, ಸೊಸಿ ಕತ್ತಲಿಯೊಳಗ ಕುಂತು ಪತ್ರ ಓದೋ ಸೀನ್ ಇತ್ತು, ಆಕಿ ಎಲ್ಲಿ ಕುಂತಿರಬೇಕು ಅಂತ ನನಗ ಬರೋಬ್ಬರಿ ಗೊತ್ತಾತು.

ಪುಸ್ತಕಕ್ಕ ಧಾರವಾಡಕ್ಕ ಹೋಗ್ರಿ, ಅದೂ ಒಂದು ತಿರುಗಾಟನ. ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನಾಗ ಎಸಿ ಇರ್ತೈತಿ, ಕುಂತಲ್ಲೇ ಅರ್ಧ ನಿದ್ದಿ ಆಗ್ತೈತಿ. ಸುಭಾಸ ರೋಡಿನಾಗ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನದ ಅಟ್ಟ ಐತಿ, 1933ರಾಗ ಜಿ.ಬಿ. ಜೋಶಿಯವರು ಶುರು ಮಾಡಿದ್ದು, ಚಂದಾದಾರರ ರೊಕ್ಕದ ಮ್ಯಾಲ ಪುಸ್ತಕ ತರ್ತಿದ್ರು. ಕನ್ನಡದ ಎಷ್ಟೋ ದೊಡ್ಡ ಲೇಖಕರು ಆ ಅಟ್ಟ ಹತ್ತಿ ಹರಟಿ ಹೊಡದು ಹೋದವರ. ಅಲ್ಲಿಂದ ಸಾಧನಕೇರಿ, ಬೇಂದ್ರೆ ಅಜ್ಜನ ಮನಿ, ಎದುರಿಗೆ ಕೆರಿ. ಸೀಜನ್ನಿನಾಗ ಹೋಗಿದ್ರ ಬರೂವಾಗ ಆಪೂಸ್ ಮಾವಿನಹಣ್ಣು ತರ್ರಿ, ಪೇಡೆ ಎಲ್ಲಾರೂ ತರ್ತಾರ. ಸೀಕರಣಿ-ಚಪಾತಿ ಉಂಡು ಪುಸ್ತಕ ಹಿಡದ್ರ ಮೂರು ಪುಟಕ್ಕ ನಿದ್ದಿ ಹತ್ತೋದು ಗ್ಯಾರಂಟಿ, ಅದನ್ನೂ ಲೆಕ್ಕದಾಗ ಇಟ್ಕೋರಿ.

ಏನ್ ಓದಬೇಕು ಅಂತ ಲಿಸ್ಟ್ ಕೊಡಂಗಿಲ್ಲ, ಇನ್ನೊಬ್ಬರ ಲಿಸ್ಟ್ ಹಿಡಕೊಂಡು ಓದಿದ್ರ ಪರೀಕ್ಷೆಗೆ ಓದಿದಂಗ ಆಗ್ತೈತಿ. ಪತ್ತೇದಾರಿ ಆದ್ರೂ ನಡೀತೈತಿ, ನಾಚ್ಕೋಬ್ಯಾಡ್ರಿ. ಐವತ್ತು ಪುಟ ಆದ್ರೂ ಹಿಡೀಲಿಲ್ಲಂದ್ರ ಬಿಟ್ಟ ಬಿಡ್ರಿ. ರೊಕ್ಕ ಹಾಕೂದು ಬ್ಯಾಡಂದ್ರ ಸರ್ಕಾರಿ ಗ್ರಂಥಾಲಯದ ಮೆಂಬರ್ ಆಗ್ರಿ, ಬೈಂಡ್ ಹಾಕಿದ ಹಳೇ ಕಾದಂಬರಿ ಸಿಗ್ತಾವ, ಅಂಚಿನಾಗ ಯಾರೋ ಪೆನ್ಸಿಲ್‌ಲೆ ಜಗಳ ಆಡಿದ್ದೂ ಸಿಗ್ತೈತಿ.

ಹಾವೇರಿ ಕಡೆ ಒಂದೆರಡು ಜಾಗ. ಬಂಕಾಪುರದ ಕೋಟಿಯೊಳಗ ನಗರೇಶ್ವರ ಗುಡಿ, ಅರವತ್ತಾರು ಕಂಬ, ಅಲ್ಲೇ ನವಿಲುಧಾಮ, ಲಗೂನ ಹೋದ್ರ ಗುಡಿಗಿಂತ ಮೊದಲ ನವಿಲಿನ ಕೂಗು ಕೇಳ್ತೈತಿ. ಸವಣೂರಿನ ದೊಡ್ಡಹುಣಸಿ ಮಠದಾಗ ಆಫ್ರಿಕಾ ಮೂಲದ ಭಾರಿ ಮರ ಅದಾವ, ಬುಡ ತಬ್ಬಾಕ ಮನಿಮಂದಿಯೆಲ್ಲಾ ಬೇಕು. ಕಾದಂಬರಿ ಓದೋರಿಗೆ ಈ ಜಿಲ್ಲಾದ್ದು ಇನ್ನೊಂದು ನಂಟು ಐತಿ, ಗಳಗನಾಥರು ಹಾವನೂರಿನವರು, 1869ರಾಗ ಹುಟ್ಟಿದವರು, ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿ ಕನ್ನಡಕ್ಕ ತಂದು, ತಮ್ಮ ಪುಸ್ತಕ ತಾವ ಹೊತ್ಕೊಂಡು ಊರೂರು ತಿರುಗಿ ಮಾರಿದವರು.

ರೈಲು-ಬಸ್ಸಿನ ಟೈಮ್ ಹಿಂದಿನ ದಿನ ನೋಡ್ಕೋರಿ, ನಾ ಹೇಳಿದ್ರ ಬದಲಾಗಿರ್ತಾವ. ನೀರಿನ ಬಾಟ್ಲಿ ಎರಡು ಇರ್ಲಿ. ಮತ್ತ ಒಂದು ಜೋಡಿ ದಪ್ಪ ಸಾಕ್ಸ್ ಇಟ್ಕೋರಿ, ಗುಡಿಯಾಗ ಚಪ್ಪಲ ಹೊರಗ ಬಿಡಬೇಕು, ಹತ್ತೂವರಿ ಆತಂದ್ರ ಅಂಗಳದ ಕಲ್ಲು ಕಾದು ಕಾಲಿಡಾಕ ಆಗೂದಿಲ್ಲ.