ಹರಾಜಿಗೆ ಬಂದ ಎರಡನೇ ಮಹಾಯುದ್ಧದ ಜಪಾನಿ ಸಹಿ ಬಾವುಟ ಅಸಲಿಯೇ ಎಂದು ತಿಳಿಯುವುದು ಹೇಗೆ?

ಮೊದಲು ಕೈಬರಹ ನೋಡಿ, ಬಟ್ಟೆ ಆಮೇಲೆ. ಯುದ್ಧಕ್ಕೆ ಹೊರಟವನಿಗೆ ಮನೆಯವರು, ನೆರೆಹೊರೆಯವರು, ಜೊತೆಗೆ ಕೆಲಸ ಮಾಡುವವರು ಬಾವುಟದ ಮೇಲೆ ಹೆಸರು ಬರೆದು ಕೊಡುತ್ತಿದ್ದರು. ಹಾಗಾಗಿ ಅಸಲಿಯಲ್ಲಿ ಸಾಮಾನ್ಯವಾಗಿ ಹಲವರ ಕೈ ಕಾಣುತ್ತದೆ: ಕುಂಚದ ಒತ್ತು, ಅಕ್ಷರದ ಗಾತ್ರ, ಓರೆ ಎಲ್ಲವೂ ಬೇರೆ ಬೇರೆ. ನಕಲಿಯಲ್ಲಿ ಹೆಚ್ಚಾಗಿ ಒಬ್ಬನೇ ಎಲ್ಲ ಹೆಸರನ್ನೂ ಗೀಚಿರುತ್ತಾನೆ. ಕುಂಚದ ಮಸಿ ತೆಳು ರೇಷ್ಮೆಯ ಎಳೆಯೊಳಗೆ ಇಳಿದು ಹಿಂಬದಿಗೂ ಮೂಡುತ್ತದೆ. ಭೂತಗನ್ನಡಿಯಲ್ಲಿ ಮುದ್ರಣದ ಚುಕ್ಕೆಗಳು ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ನಂತರ ಕತ್ತಲಲ್ಲಿ 365 ನ್ಯಾನೊಮೀಟರ್‌ನ ಅತಿನೇರಳೆ ಟಾರ್ಚ್ ಹಾಯಿಸಿ. ಬಟ್ಟೆಗೆ ಬಿಳುಪಿನ ಹೊಳಪು ಕೊಡುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಯುದ್ಧದ ನಂತರ. ಅವು ಈ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ; ಹಾಗಾಗಿ ಹೊಲಿಗೆಯ ದಾರ ಕಣ್ಣುಕುಕ್ಕುವ ನೀಲಿಯಾದರೆ ಅನುಮಾನಿಸಿ. ಆದರೆ ಈಗಿನ ಡಿಟರ್ಜೆಂಟ್‌ನಲ್ಲಿ ಒಗೆದ ಹಳೇ ಬಾವುಟವೂ ಹೊಳೆಯುತ್ತದೆ, ಹೊಳೆಯದ ನಕಲಿಯೂ ಉಂಟು. ‘ರಕ್ತದ ಕಲೆ’ ಎಂಬ ಮಾತಿಗೆ ಮಾತ್ರ ಹೆಚ್ಚುವರಿ ಒಂದು ರೂಪಾಯಿಯನ್ನೂ ಕೊಡಬೇಡಿ.