ಬಗ್ಗಿಸಿಟ್ಟ ಕಂಬಿ ಎತ್ತುವಾಗ ಮುರಿಯುವುದೇಕೆ?

ಪ್ರಶ್ನೆ: ಮುಂದೆ ಮಹಡಿ ಕಟ್ಟಲೆಂದು ಪಿಲ್ಲರ್ ಮೇಲೆ ಬಿಟ್ಟಿದ್ದ 12 ಮಿ.ಮೀ. ಟಿಎಂಟಿ ಕಂಬಿಗಳನ್ನು ಬಗ್ಗಿಸಿಟ್ಟಿದ್ದೆವು. ಎರಡು ವರ್ಷದ ಮೇಲೆ ನೆಟ್ಟಗೆ ಮಾಡುವಾಗ ಒಂದು ಪಟ್ಟನೆ ಮುರಿಯಿತು. ಉಕ್ಕು ಕಳಪೆಯೇ? ಉಳಿದವನ್ನು ಗ್ಯಾಸ್‌ನಲ್ಲಿ ಕಾಯಿಸಿ ಎತ್ತಬಹುದೇ?

ಉತ್ತರ: ಉಕ್ಕಿಗಿಂತ ಬಗ್ಗಿಸಿದ ರೀತಿಯ ಮೇಲೇ ಅನುಮಾನ ಹೆಚ್ಚು. ಉಕ್ಕಿನ ಹರಳುಗಳೊಳಗೆ ಡಿಸ್‌ಲೊಕೇಶನ್ ಎಂಬ ದೋಷಗೆರೆಗಳಿರುತ್ತವೆ. ಅವು ಜಾರುವುದರಿಂದಲೇ ಕಂಬಿ ಬಾಗುತ್ತದೆ. ಬಾಗಿದಷ್ಟೂ ಅವು ಹೆಚ್ಚಿ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಆ ಜಾಗ ಗಡುಸಾಗುತ್ತದೆ, ಆದರೆ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಮೇಲಾಗಿ, ಉಕ್ಕಿನಲ್ಲಿ ಕರಗಿರುವ ಸಾರಜನಕ, ಇಂಗಾಲದ ಪರಮಾಣುಗಳು ನಿಧಾನಕ್ಕೆ ಆ ಗೆರೆಗಳ ಸುತ್ತ ಸೇರಿ ಅವನ್ನು ಕದಲಗೊಡುವುದಿಲ್ಲ. ಇದೇ ಸ್ಟ್ರೇನ್ ಏಜಿಂಗ್, ಅಂದರೆ ಬಾಗಿದ ಉಕ್ಕಿಗೆ ಬರುವ ಮುಪ್ಪು. ಇಂಥ ಕಂಬಿಗಳ ಭಾರತೀಯ ಮಾನಕ ಐಎಸ್ 1786ರ ಮರುಬಾಗು ಪರೀಕ್ಷೆಯಲ್ಲಿ ಕಂಬಿಯನ್ನು ಒಳಕೋನ 135 ಡಿಗ್ರಿ ಆಗುವಷ್ಟು (ಅಂದರೆ ನೇರದಿಂದ 45 ಡಿಗ್ರಿ) ಬಗ್ಗಿಸಿ, ಅರ್ಧ ಗಂಟೆ ಕುದಿಯುವ ನೀರಿನಲ್ಲಿಟ್ಟು, ತಣಿಸಿ ಹಿಂದಕ್ಕೆ ಬಗ್ಗಿಸುವುದು ಈ ಮುಪ್ಪನ್ನು ಬೇಗ ಬರಿಸಿ ನೋಡಲೆಂದೇ.

ಲೆಕ್ಕ ನೋಡಿ. ಕಂಬಿಯ ನಾಲ್ಕು ಪಟ್ಟು ವ್ಯಾಸದ, ಅಂದರೆ 48 ಮಿ.ಮೀ. ಗೂಟದ ಸುತ್ತ ಬಗ್ಗಿಸಿದರೆ ಹೊರಮೈ ಸುಮಾರು 20 ಶೇಕಡ ಹಿಗ್ಗುತ್ತದೆ. ಪೈಪ್ ಸಿಕ್ಕಿಸಿ ಬುಡದಲ್ಲೇ ಮಡಚಿದರೆ ಇದು 50 ಶೇಕಡದ ಹತ್ತಿರ ಹೋಗುತ್ತದೆ. ಕಂಬಿಯ ಮೈಮೇಲಿನ ಏಣುಗಳ ಬುಡದಲ್ಲಿ ಕೂದಲೆಳೆ ಬಿರುಕು ಆಗಲೇ ಹುಟ್ಟಿರಬಹುದು.

ಕಾಯಿಸಬೇಡಿ. ಟಿಎಂಟಿಯ ಬಲವಿರುವುದು ನೀರೆರಚಿ ಗಡುಸುಗೊಳಿಸಿದ ಹೊರಪದರದಲ್ಲಿ. ಕೆಂಪಗೆ ಕಾಯಿಸಿದರೆ ಅದು ಮೆತ್ತಗಾಗುತ್ತದೆ. ಉಳಿದ ಕಂಬಿಗಳ ಬಾಗಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಲೆನ್ಸ್ ಹಿಡಿದು ಬಿರುಕು ಹುಡುಕಿ. ಮುರಿದದ್ದಕ್ಕೆ ವೆಲ್ಡಿಂಗ್ ಬೇಡ. ಕಾಂಕ್ರೀಟ್ ಬಿಡಿಸಿ ಕಪ್ಲರ್ (ಎರಡು ಕಂಬಿ ಜೋಡಿಸುವ ಕೊಳವೆ) ಹಾಕಿಸುವುದೋ, ಹೊಸ ಕಂಬಿ ನೆಡುವುದೋ ಎಂಬುದನ್ನು ಎಂಜಿನಿಯರ್ ಜಾಗ ನೋಡಿಯೇ ಹೇಳಬೇಕು.